ಹುಣಸೆ ಬೀಜದ ಮೂರೆಲೆ

ಭಾವನ ಜೊತೆ ಇಸ್ಪೀಟಾಡಿ ನಾನು ಒಮ್ಮೆಯೂ ನೆಟ್ಟಗೆ ಮನೆಗೆ ಬಂದವಳಲ್ಲ. ಅಕ್ಕನನ್ನು ಕೊಟ್ಟಿರುವುದು ಗೋವಿನಕೋವಿಗೆ, ನನ್ನನ್ನು ಜಗಳೂರಿಗೆ. ಹೊನ್ನಾಳಿಯಲ್ಲೊಮ್ಮೆ, ದಾವಣಗೆರೆಯಲ್ಲೊಮ್ಮೆ ಬಸ್ಸು ಬದಲಾಗುತ್ತಿತ್ತೇ ಹೊರತು ನನ್ನ ಮುಖ ಬದಲಾಗುತ್ತಿರಲಿಲ್ಲ. ಮನೆಗೆ ಬಂದು ಚೀಲ ಎಸೆದರೆ ನನ್ನ ಗಂಡ, "ಈ ವರ್ಷನೂ ಸೋತ್ಯಾ?" ಎಂದು ಕೇಳಿ ಹೊರಗೆ ಹೋಗಿಬಿಡುತ್ತಿದ್ದರು.

ಯುಗಾದಿಯ ಮಾರನೆಯ ದಿನ ಸಂಜೆ ನಮ್ಮ ಕಡೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುತ್ತೇವೆ. ಚಂದ್ರ ಕಾಣುವವರೆಗೆ ಇಸ್ಪೀಟಿಗೆ ಯಾರೂ ಅಡ್ಡಿ ಹೇಳುವಂತಿಲ್ಲ. ವರ್ಷವಿಡೀ ಎಲೆ ಕಂಡರೆ ಮುಖ ಗಂಟಿಕ್ಕುವ ಹೆಂಗಸರೂ ಅವತ್ತು ಸೆರಗು ಸಿಕ್ಕಿಸಿ ಕೂರುತ್ತಾರೆ. ಊರ ಗಂಡಸರೆಲ್ಲ ಗುಡಿ ಕಟ್ಟೆಯ ಮೇಲೆ ಸೇರಿದರೆ ಭಾವ ಮಾತ್ರ ತಮ್ಮ ಗಿರಣಿಗೆ ಬೀಗ ಹಾಕಿ, ಹುಬ್ಬಿನ ಮೇಲಿನ ಹಿಟ್ಟು ಕೂಡ ತೊಳೆಯದೆ, ಪಡಸಾಲೆಯಲ್ಲಿ ಚಾಪೆ ಹಾಸಿ ನನಗಾಗಿ ಕಾಯುತ್ತಿದ್ದರು. ನಾದಿನಿಯನ್ನು ಕೆಣಕುವಷ್ಟು ಸುಖ ಅವರಿಗೆ ಬೇರೆ ಯಾವುದರಲ್ಲೂ ಇರಲಿಲ್ಲ.

ದುಡ್ಡಿಟ್ಟು ಆಡಲು ಅಕ್ಕ ಬಿಡುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಪಡಸಾಲೆಯ ಮೂಲೆಯಲ್ಲಿ ಹುಣಸೆಹಣ್ಣಿನ ರಾಶಿ ಇರುತ್ತಿತ್ತು, ಅದರ ಬೀಜವೇ ನಮ್ಮ ಪಣ. ಆಟ ಮೂರೆಲೆ. ತಲೆಗೆ ಮೂರು ಎಲೆ ಬರುತ್ತವೆ. ಧೈರ್ಯವಿದ್ದವರು ಬೀಜ ಮುಂದೆ ತಳ್ಳುತ್ತಾರೆ, ಹೆದರಿದವರು ಎಲೆ ಮಡಚುತ್ತಾರೆ. ಕೈಯಲ್ಲಿ ಏನೂ ಇಲ್ಲದೆ ಬೀಜ ತಳ್ಳಿ ಎದುರಿನವರನ್ನು ಹೆದರಿಸಿಯೂ ಗೆಲ್ಲಬಹುದು. ಭಾವ ಅದರಲ್ಲಿ ಪಳಗಿದ ಕೈ. ಒಳ್ಳೆಯ ಎಲೆ ಬಂದರೂ, ಕೆಟ್ಟದ್ದು ಬಂದರೂ ಅವರ ಮುಖ ಜೋಳ ಬೀಸಿಕೊಡುವಾಗ ಇದ್ದಂತೆಯೇ ಇರುತ್ತಿತ್ತು.

ನನ್ನದು ಹಾಗಲ್ಲ. ಒಳ್ಳೆಯ ಎಲೆ ಬಂದರೆ ನಾನು ಬಳೆಗಳನ್ನು ಮೊಣಕೈ ಕಡೆಗೆ ತಳ್ಳಿಕೊಳ್ಳುತ್ತೇನಂತೆ. ನನಗೇ ಗೊತ್ತಿರಲಿಲ್ಲ. ಆ ಸದ್ದು ಕೇಳಿದ ಕೂಡಲೇ ಭಾವ, "ಬಳೆ ಮೇಲಕ್ಕೆ ಹೋದ್ವು, ನಾನು ಆಟ ಬಿಟ್ಟೆ" ಎಂದು ಎಲೆ ಮಡಚುತ್ತಿದ್ದರು. ಇನ್ನು ಖಾಲಿ ಕೈಯಲ್ಲಿ ನನ್ನನ್ನು ಹೆದರಿಸಿ ಗೆದ್ದು, ಆಮೇಲೆ ಎಲೆ ತಿರುಗಿಸಿ ತೋರಿಸಿದರಂತೂ ನನ್ನ ನೆತ್ತಿ ಉರಿಯುತ್ತಿತ್ತು. ಮುಂದಿನ ಆಟಕ್ಕೆ ಎಲೆ ನೋಡದೆಯೇ ಇದ್ದಬದ್ದ ಬೀಜವನ್ನೆಲ್ಲ ತಳ್ಳುತ್ತಿದ್ದೆ.

"ಈಗ ಆಡ್ತಿರೋದು ನೀನಲ್ಲ, ನಿನ್ನ ಸಿಟ್ಟು. ಅದಕ್ಕೆ ಎಲೆ ಓದಾಕೆ ಬರಲ್ಲ" ಎನ್ನುತ್ತಿದ್ದರು ಭಾವ. "ಮೊದ್ಲು ಒಂದು ಹುಣಸೆಹಣ್ಣು ಬಿಡಿಸು. ಸಿಪ್ಪೆ ತೆಗಿ, ನಾರು ತೆಗಿ, ಬೀಜ ತೆಗಿ. ಆಮೇಲೆ ಎಲೆ ಮುಟ್ಟು."

ನಾನು ಹಣ್ಣನ್ನು ಅವರ ಕಡೆಗೇ ಎಸೆದು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಆದರೂ ಆ ಮಾತು ನನ್ನ ಬದುಕಿಗೆ ಒದಗಿಬಂದಿದೆ. ಜಗಳೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಬಂದವರಿಗೆ ನಾನು ಸೂಜಿಗೆ ದಾರ ಪೋಣಿಸಿದ ಮೇಲೆಯೇ ಉತ್ತರ ಕೊಡುವುದು. ಅತ್ತೆಯ ಮಾತಿಗೂ ಹಾಗೆಯೇ, ಏನಾದರೊಂದು ಕೆಲಸ ಮುಗಿಸಿ ಬಾಯಿ ತೆರೆಯುತ್ತೇನೆ. ಎಲ್ಲ ಕಡೆ ನಡೆದ ಈ ಉಪಾಯ ಭಾವನ ಮುಂದೆ ಮಾತ್ರ ನಡೆಯುತ್ತಿರಲಿಲ್ಲ. ಯಾಕೆಂದು ಈಗ ತಿಳಿಯುತ್ತದೆ. ಹೊಟ್ಟೆತುಂಬ ಸಿಟ್ಟು ಮಾಡಿಕೊಂಡರೂ ನನ್ನನ್ನು ಯಾರೂ ಬಿಟ್ಟುಕೊಡದ ಜಾಗ ಅದೊಂದೇ ಆಗಿತ್ತು.

ಈ ಸಲದ ಚಳಿಗಾಲದಲ್ಲಿ ಭಾವ ಇಳಿದುಹೋದರು. ಅಂಗಿ ಹೆಗಲಿಂದ ಜಾರುತ್ತಿತ್ತು, ಕಣ್ಣು ಹಳದಿ. ಆಸ್ಪತ್ರೆಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ರಕ್ತಪರೀಕ್ಷೆಗೆ ಭಾವನನ್ನು ಹೊರಗೆ ಕಳಿಸಿ ಡಾಕ್ಟರು ನಮ್ಮಿಬ್ಬರಿಗೂ ಹೇಳಿದರು. ಲಿವರಿನಲ್ಲಿ ಗಡ್ಡೆ, ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ. ಅಕ್ಕ ಅಲ್ಲೇ ಅಳಲಿಲ್ಲ. ಹೊರಗೆ ಬಂದು ಗೋಡೆಗೆ ಕೈ ಕೊಟ್ಟು ನಿಂತು, "ಇವರಿಗೆ ಗೊತ್ತಾಗಬಾರದು ಕಣೆ" ಅಂದಳು. "ಇವರಣ್ಣನಿಗೆ ಹಿಂಗೇ ಆಗಿತ್ತು. ಹೇಳಿದ ದಿನಾನೇ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಆಮೇಲೆ ಒಂದು ತುತ್ತು ಮುಟ್ಟಲಿಲ್ಲ. ಇವರು ಇರೋ ತನಕ ಉಣ್ಣಲಿ, ಅಷ್ಟೇ ಸಾಕು ನನಗೆ."

ಹೊಟ್ಟೆಯಲ್ಲಿ ಹುಣ್ಣಾಗಿದೆ, ಖಾರ ಬಿಟ್ಟರೆ ಸರಿಹೋಗುತ್ತದೆ ಎಂದು ಭಾವನಿಗೆ ಹೇಳಿದೆವು. ಅವರು ತಲೆ ಆಡಿಸಿದರು. ನಂಬಿದರು ಅಂದುಕೊಂಡೆವು. ಆಮೇಲೆ ಅಕ್ಕ ಗಂಡನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು. ತಟ್ಟೆ ಇಟ್ಟವಳೇ ಒಳಗೆ ಹೋಗಿಬಿಡುತ್ತಿದ್ದಳು, ಬಾಗಿಲ ಮರೆಯಿಂದ ಎಷ್ಟು ತುತ್ತು ಒಳಗೆ ಹೋಯಿತೆಂದು ನೋಡುತ್ತಿದ್ದಳು.

ಯುಗಾದಿ ಬಂತು. ಮಾರನೆಯ ದಿನ ಹೋಗುವುದೋ ಬೇಡವೋ ಎಂದು ಒದ್ದಾಡಿದೆ. ಹೋಗದಿದ್ದರೆ ಅನುಮಾನ, ಹೋದರೆ ನನ್ನ ಈ ಹಾಳು ಮುಖ. ಕೊನೆಗೆ ಮನೆಗೆ ಬಂದ ಬಳೆಗಾರ್ತಿಯ ಕೈಯಲ್ಲಿ ಅಳತೆಗಿಂತ ಚಿಕ್ಕ ಬಳೆ ತೊಡಿಸಿಕೊಂಡೆ. "ಇಷ್ಟು ಬಿಗಿ ಯಾಕಮ್ಮಾ, ರಕ್ತ ನಿಲ್ತೈತೆ" ಅಂದಳು ಅವಳು. ಇರಲಿ ಬಿಡು ಎಂದೆ. ಬಳೆ ಮಣಿಕಟ್ಟಿನಿಂದ ಅಲ್ಲಾಡಲಿಲ್ಲ.

ಭಾವ ಚಾಪೆ ಹಾಸಿಯೇ ಕಾದಿದ್ದರು. ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ. ಗಿರಣಿ ಮುಚ್ಚಿ ಬಹಳ ದಿನವಾಗಿತ್ತು. ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಎಲೆ ಕಲಸಿದರು. ಎಲೆಗಳು ಕೈ ಜಾರಿ ಬಿದ್ದವು, ನಾನು ಬೇರೆಲ್ಲೋ ನೋಡಿದೆ. ಆಡಿದೆವು. ನನ್ನೊಳಗೆ ಏನು ಉಕ್ಕಿಬಂದರೂ ಒಂದು ಹುಣಸೆಹಣ್ಣು ಕೈಗೆತ್ತಿಕೊಳ್ಳುತ್ತಿದ್ದೆ. ಸಿಪ್ಪೆ, ನಾರು, ಬೀಜ. ಗೆದ್ದರೆ ಗೆದ್ದೆ, ಸೋತರೆ ಸೋತೆ. ಇಷ್ಟು ವರ್ಷ ಕಲಿಸಿದರೂ ಬಾರದ ವಿದ್ಯೆ ಅವತ್ತು ಕೈಹತ್ತಿತು. ಅಕ್ಕ ಬಾಗಿಲಿಗೆ ಬಂದು ನೋಡಿ ಸಮಾಧಾನದಿಂದ ಒಳಗೆ ಹೋದಳು. ನನಗೂ ಒಳಗೊಳಗೆ ಹೆಮ್ಮೆ ಆಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೊತ್ತು ಇಳಿಯುವಾಗ ಭಾವ ಬೀಜದ ಗುಡ್ಡೆಯನ್ನೇ ಮುಂದೆ ತಳ್ಳಿದರು. ನನ್ನ ಕೈಯಲ್ಲಿ ರಾಜನ ಜೋಡಿ ಇತ್ತು, ಒಳ್ಳೆಯ ಎಲೆಯೇ. ಯೋಚಿಸಿ, ಎಲೆ ಮಡಚಿದೆ. ಅವರು ತಮ್ಮದನ್ನು ತಿರುಗಿಸಿದರು. ಎರಡು, ಐದು, ಒಂಬತ್ತು. ಒಂದಕ್ಕೊಂದು ಹೊಂದದ ಕಸ. ಬೇರೆ ವರ್ಷವಾಗಿದ್ದರೆ ಚಾಪೆ ಕಿತ್ತುಕೊಂಡು ಎದ್ದಿರುತ್ತಿದ್ದೆ. "ಚೆನ್ನಾಗಿ ಆಡಿದ್ರಿ ಭಾವ" ಎಂದು ನಕ್ಕು, ಎಲೆ ಕೂಡಿಸಿ ಅವರ ಕೈಗೆ ಕೊಟ್ಟೆ.

ಅವರು ತೆಗೆದುಕೊಳ್ಳಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಬಳೆ ಕೊರೆದು ಕೆಂಪಾಗಿದ್ದ ಮಣಿಕಟ್ಟು ನೋಡಿದರು.

"ಸಿಟ್ಟು ಬರಲಿಲ್ವಾ?"

"ನೀವೇ ಅಲ್ವಾ ಕಲಿಸಿದ್ದು, ಕಲಿತೆ."

"ಹೂಂ" ಅಂದರು. ಆಟ ಅಲ್ಲಿಗೆ ನಿಂತಿತು. ಬೀಜಗಳನ್ನೆಲ್ಲ ಅಂಗೈಯಿಂದ ಒಂದು ಕಡೆಗೆ ಸರಿಸುತ್ತ ಕುಳಿತರು.

ಚಂದ್ರ ಕಂಡ ಎಂದು ಬೀದಿಯಲ್ಲಿ ಕೂಗಿದರು. ಭಾವನ ತೋಳು ಹಿಡಿದು ಅಂಗಳಕ್ಕೆ ಕರೆತಂದೆ. ತೆಂಗಿನ ಮೇಲೆ ಎಳೆ ಚಂದ್ರನಿದ್ದ. ಕೈಮುಗಿದು, ಅವರ ಕಾಲಿಗೆ ಬಿದ್ದೆ. ಪ್ರತಿ ವರ್ಷ ತಲೆಯ ಮೇಲೆ ಮೊಟಕಿ, ಈ ವರ್ಷನಾದ್ರೂ ಸಿಟ್ಟು ಕಮ್ಮಿ ಆಗ್ಲಿ ಎನ್ನುತ್ತಿದ್ದವರು ಈ ಸಲ ಬರೀ ಕೈ ಇಟ್ಟರು. ಅಕ್ಕ ಒಳಗೆ ದೀಪ ಹಚ್ಚುತ್ತಿದ್ದಳು.

"ನನಗೆ ಗೊತ್ತಾಗೈತೆ ಅಂತ ನಿಮ್ಮಕ್ಕಂಗೆ ಗೊತ್ತಾಗೋದು ಬ್ಯಾಡ" ಅಂದರು ಮೆಲ್ಲಗೆ. "ಇವತ್ತು ನನ್ನ ಮುಂದೆ ಹೆಂಗೆ ಕೂತಿದ್ದೆ, ಹಂಗೇ ಅವಳ ಮುಂದೆ ಕೂರು. ನಿನಗೀಗ ಬರ್ತೈತೆ."

ನಾನು ಅವರ ಪಾದದ ಹತ್ತಿರವೇ ಕೂತಿದ್ದೆ. ನನ್ನ ಸಿಟ್ಟೇ ಅವರ ಪಾಲಿಗೆ ಎಲ್ಲ ನೆಟ್ಟಗಿದೆ ಎಂಬುದರ ಗುರುತಾಗಿತ್ತು, ಅದನ್ನೇ ನಾನು ಮುಚ್ಚಿಟ್ಟಿದ್ದೆ.

ಭಾವ ಒಳಗೆ ಹೋಗಿ, "ಹಸಿವಾಗೈತೆ, ಊಟ ಹಾಕು" ಅಂದರು. ನಿನ್ನೆಯ ಹೋಳಿಗೆ, ಹಾಲು, ಅನ್ನ. ಒಂದೊಂದು ತುತ್ತಿಗೂ ಗಂಟಲು ಏರಿಳಿಯುವುದು ನನಗೆ ಕಾಣುತ್ತಿತ್ತು, ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ತಟ್ಟೆ ಬರಿದಾಯಿತು. ಇನ್ನೊಂದು ಹೋಳಿಗೆ ಕೇಳಿದರು.

ಅಕ್ಕ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. ಬಹಳ ದಿನಗಳ ಮೇಲೆ ಅವಳ ಮುಖ ಅರಳಿತ್ತು.

"ನೋಡಿದ್ಯಾ, ಹೆಂಗೆ ಉಣ್ತಿದಾರೆ. ಅವರಿಗೇನೂ ಗೊತ್ತಾಗಿಲ್ಲ ಕಣೆ."

"ಹೂಂ ಅಕ್ಕ, ಏನೂ ಗೊತ್ತಾಗಿಲ್ಲ" ಅಂದೆ. ನನ್ನ ಮುಖ ಅಲುಗಲಿಲ್ಲ.