ಪ್ರೆಸ್ ಶಾಪಿನ ಸನ್ನೆ

2011ರಲ್ಲಿ ನಾನು ಪೀಣ್ಯದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೆಲಸ. ಹೇಳಿಕೊಳ್ಳಲು ಚೆಂದ. ವರ್ಷಗಟ್ಟಲೆ ಮಾಡಿ ಮಾಡಿ ಅಷ್ಟು ಹೊತ್ತಿಗೆ ನನಗಂತೂ ಏನೂ ಅನ್ನಿಸುತ್ತಿರಲಿಲ್ಲ. ಚಿತ್ರ ತೋರಿಸುವುದು, ‘ಇದೇನು?’ ಎನ್ನುವುದು, ಮುಂದಿನ ರೋಗಿಯನ್ನು ಕರೆಯುವುದು.

ರಂಗಸ್ವಾಮಿ ಬಂದಾಗಲೂ ಹಾಗೇ. ಲಗ್ಗೆರೆಯವರು, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಆಪರೇಟರ್. ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತ್ತು. ಜೊತೆಗೆ ಅಫೇಸಿಯಾ, ಅಂದರೆ ಮಿದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟು. ಚಿತ್ರ ಹಿಡಿದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಹೆಂಡತಿ ಪುಟ್ಟಮ್ಮ ಕರೆದರೂ ಅಷ್ಟೇ.

ಎರಡನೇ ತಿಂಗಳಲ್ಲಿ ಪುಟ್ಟಮ್ಮ ನನ್ನನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದರು.

“ಮೇಡಂ, ಅವತ್ತು ಬೆಳಿಗ್ಗೆ ಜಗಳ ಆಡಿದ್ವಿ. ಬಾಯಿಗೆ ಬಂದಂಗೆ ಬೈದ್ಬಿಟ್ಟೆ. ಕೆಲ್ಸಕ್ಕೆ ಹೋದೋರು ಅಲ್ಲೇ ಬಿದ್ರು. ಮಾತು ಬರ್ದಿದ್ರೆ ಬ್ಯಾಡ. ನನ್ ಮೇಲೆ ಇನ್ನೂ ಕೋಪ ಐತಾ, ಅಷ್ಟು ತಿಳ್ದು ಹೇಳಿ.”

ಇದೊಳ್ಳೆ ಕಥೆ, ಇದು ನನ್ನ ಕೆಲಸವೇ ಅಲ್ಲವಲ್ಲ ಎಂದುಕೊಂಡೆ.

ಮರುವಾರ ಪ್ರೆಸ್ ಶಾಪಿನಲ್ಲಿ ಅವರ ಪಕ್ಕದ ಮಷೀನಿನ ಸೆಲ್ವಂ ನೋಡಲು ಬಂದ. ಬಾಗಿಲಲ್ಲೇ ನಿಂತು, ಮಾತಿಲ್ಲದೆ, ಹೆಬ್ಬೆರಳನ್ನು ಗಾಳಿಯಲ್ಲಿ ತಿರುಗಿಸಿದ. ರಂಗಸ್ವಾಮಿಯವರ ಎಡಗೈ ಹೆಬ್ಬೆರಳೂ ತಿರುಗಿತು! ಇದೇನು ಎಂದು ಕೇಳಿದೆ.

“ಹೆಂಗಿದೀಯ ಅಂತ, ಮೇಡಂ. ನಾನು ಸೇರಿದಾಗ ನಂಗೆ ಕನ್ನಡ ಬರ್ತಿರ್ಲಿಲ್ಲ, ಅಣ್ಣಂಗೆ ತಮಿಳು ಬರ್ತಿರ್ಲಿಲ್ಲ. ಬಂದಿದ್ರೂ ಆ ಸದ್ದಲ್ಲಿ ಏನ್ ಕೇಳ್ಸುತ್ತೆ? ಎಲ್ಲಾ ಕೈಯಲ್ಲೇ.”

“ಯಾರು ಕಲಿಸಿದ್ರು?”

“ಯಾರೂ ಇಲ್ಲ. ಒಟ್ಟಿಗೆ ಕೆಲ್ಸ ಮಾಡ್ಬೇಕಲ್ಲ, ಬಂದ್ಬಿಡ್ತು.”

ಮಂಚದ ಪಕ್ಕ ಕೂತಿದ್ದ ಪುಟ್ಟಮ್ಮ ಎದ್ದು ನಿಂತರು. “ಕೋಪಾನಾ ಅಂತ ಕೇಳೋದೆಂಗಣ್ಣ?”

“ಅದಕ್ಕೆ ಸನ್ನೆ ಇಲ್ಲ ಅಕ್ಕ. ಜಗಳ ಆಡಿದ್ರೆ ಒಬ್ಬ ಹಿಂಗೆ ಬೈ-ಟೂ ಟೀ, ಒಂದ್ ಟೀ ಇಬ್ರಿಗೆ, ಅಂತಾನೆ. ಇನ್ನೊಬ್ಬನೂ ಅಂದ್ರೆ ಮುಗೀತು.” ಎರಡು ಬೆರಳು ಬಿಡಿಸಿ ಎದೆಗೆ ತಾಕಿಸಿ ತೋರಿಸಿದ.

ಪುಟ್ಟಮ್ಮ ಮಂಚದ ಮುಂದೆ ನಿಂತು ಹಾಗೇ ಮಾಡಿದರು. ರಂಗಸ್ವಾಮಿ ಬಹಳ ಹೊತ್ತು ನೋಡಿದರು, ಮತ್ತೆ ಗೋಡೆಯ ಕಡೆ ತಿರುಗಿದರು. ಆಮೇಲೆ ಹೊದಿಕೆಯೊಳಗಿಂದ ಎಡಗೈ ಈಚೆ ಬಂತು. ಎರಡು ಬೆರಳು ಎದೆಗೆ ತಾಕಿದವು.

ಪುಟ್ಟಮ್ಮ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತರು. ನನಗೆ ಅಳು ಬರಲಿಲ್ಲ. ತೋರಿಸಲು ಹಿಡಿದಿದ್ದ ಹಸುವಿನ ಚಿತ್ರವನ್ನು ಕೆಳಗಿಟ್ಟೆ.

ರಂಗಸ್ವಾಮಿಯವರಿಗೆ ಕೊನೆಗೂ ಒಂದು ಪದವೂ ಬರಲಿಲ್ಲ. ಮನುಷ್ಯನಿಗೆ ಮಾತು ಹೇಗೆ ಹುಟ್ಟಿತು ಎಂಬುದನ್ನು ಉರು ಹೊಡೆದು ಪಾಸಾದವಳು ನಾನು. ಅದು ಹುಟ್ಟುವುದನ್ನು ನೋಡಿದ್ದು ಆ ವಾರ್ಡಿನಲ್ಲಿ. ಅಲ್ಲಿಂದ ನಿವೃತ್ತಿಯವರೆಗೂ ಹೊಸ ರೋಗಿ ಬಂದರೆ ಚಿತ್ರ ತೆಗೆಯುವ ಮೊದಲು ಮನೆಯವರನ್ನು ಕೇಳುತ್ತಿದ್ದೆ: ಇವರಿಗೆ ಯಾರ ಹತ್ತಿರ ಮಾತಾಡಬೇಕಾಗಿದೆ?