ಉಣ್ಣೆಯ ಕೆಳಗೆ

ಎರ್ಲೆನ್‌ಬುರ್ಗಿನ ಈಜುಕೊಳದಲ್ಲಿ ಟಿಕೆಟ್ ಕೊಡುವ ರೋಸ್ವಿಟಾಳನ್ನು ಊರಿನವರು ಹೆಸರು ಹಿಡಿದು ಕರೆಯುವುದು ಕಡಿಮೆ. ಗಾಜಿನ ಹಿಂದೆ ಕೂತ ಹೆಂಗಸು, ಒದ್ದೆ ನೆಲದ ಮೇಲೆ ಓಡುವ ಮಕ್ಕಳನ್ನು ಗದರುವ ಹೆಂಗಸು, ಅಷ್ಟೇ. ಆದರೆ ಅಕ್ಟೋಬರಿನಲ್ಲಿ ದ್ರಾಕ್ಷಿ ಕೊಯ್ಲು ಮುಗಿದು, ಕಣಿವೆಯಲ್ಲಿ ಮಂಜು ಹೊತ್ತೇರುವವರೆಗೂ ಎದ್ದುಹೋಗದ ದಿನಗಳು ಬಂದಾಗ, ಕೋಟೆಯ ಕೆಳಗಿನ ಹುಲ್ಲುಗಾವಲಿನಲ್ಲಿ ಮಧ್ಯಯುಗದ ಹಬ್ಬ ನಡೆಯುತ್ತದೆ. ಜನ ಆ ಕಾಲದ ಉಡುಪು ತೊಟ್ಟು, ಡೇರೆ ಹಾಕಿ, ಆಗಿನವರಂತೆ ಬದುಕಿ ತೋರಿಸುತ್ತಾರೆ. ಆ ಶನಿವಾರ ಭಾನುವಾರ ಅಲ್ಲಿ ರೋಸ್ವಿಟಾ ಹೇಳಿದ್ದೇ ಮಾತು.

ಅವಳ ಬಿಡಾರದವರದ್ದು ಕಟ್ಟುನಿಟ್ಟಿನ ತಂಡ. ಡೇರೆಗಳ ಸುತ್ತ ಒಂದು ಸೆಣಬಿನ ಹಗ್ಗ ಕಟ್ಟುತ್ತಾರೆ. ಆರುನೂರು ವರ್ಷದ ಹಿಂದೆ ಇಲ್ಲದಿದ್ದ ವಸ್ತು ಆ ಹಗ್ಗ ದಾಟಿ ಒಳಗೆ ಬರುವಂತಿಲ್ಲ. ಔಷಧಿ, ಕನ್ನಡಕಗಳಿಗೆ ಅಡ್ಡಿಯಿಲ್ಲ. ಬೇರೆ ಏನಾದರೂ ಬೇಕೆಂದರೆ ಶುಕ್ರವಾರ ಮಧ್ಯಾಹ್ನ ರೋಸ್ವಿಟಾಳನ್ನು ಕೇಳಬೇಕು. ಕಾಯಿಲೆ, ನೋವು ಇದ್ದವರಿಗೆ ವಿನಾಯಿತಿ ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅವಳು ಒಂದು ಮರದ ಪೆಟ್ಟಿಗೆಯನ್ನು ತೆರೆದಿಟ್ಟುಕೊಂಡು ಮುಕ್ಕಾಲಿಯ ಮೇಲೆ ಕೂತಿರುತ್ತಾಳೆ. ಫೋನು, ಕೈಗಡಿಯಾರ, ಬ್ಯಾಟರಿ ದೀಪ ಎಲ್ಲ ಆ ಪೆಟ್ಟಿಗೆಗೆ. ಆಮೇಲೆ ಬಟ್ಟೆಯ ಸರದಿ. ಅಂಚನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತಾಳೆ. ಮಿಷಿನ್ ಹೊಲಿಗೆ ಕಂಡರೆ ಆ ಬಟ್ಟೆಯೂ ಪೆಟ್ಟಿಗೆಗೆ. ಈ ಕಾರಣಕ್ಕೆ ಅವಳಿಗೆ 'ಎಳೆ ಎಣಿಸುವವಳು' ಎಂಬ ಅಡ್ಡಹೆಸರು ಬಿದ್ದಿದೆ. ಅದು ಬೈಗುಳವೆಂದು ಗೊತ್ತಿದ್ದರೂ ಅವಳಿಗೆ ಒಳಗೊಳಗೇ ಹಿಗ್ಗು.

ಆ ಶುಕ್ರವಾರ ಹೊಸಬಳೆಂದು ಬಂದು ನಿಂತವಳು ಹೈಕೆ.

ಹೈಕೆಯನ್ನು ಕರೆತಂದವಳು ರೋಸ್ವಿಟಾಳೇ. ಊರಿನ ಹೂವಿನ ಅಂಗಡಿಯಲ್ಲಿ ಮೂವತ್ತು ಚಳಿಗಾಲ ತಣ್ಣೀರಿನ ಬಕೆಟ್ಟುಗಳಲ್ಲಿ ಕೈ ಅದ್ದಿ ಹೈಕೆಯ ಬೆರಳುಗಳು ಕೆಟ್ಟಿದ್ದವು. ಸ್ವಲ್ಪ ಚಳಿ ಸೋಕಿದರೆ ಸಾಕು, ರಕ್ತ ಹಿಂದೆ ಸರಿದು ಬೆರಳು ಮೇಣದ ಬತ್ತಿಯಂತೆ ಬೆಳ್ಳಗಾಗುತ್ತಿತ್ತು. ಪ್ರತಿ ಮಂಗಳವಾರ ಈಜುಕೊಳದ ಬಿಸಿನೀರಿನ ತೊಟ್ಟಿಗೆ ವ್ಯಾಯಾಮಕ್ಕೆ ಬರುತ್ತಿದ್ದಳು. ಒಮ್ಮೆ ರೋಸ್ವಿಟಾ ಗಾಜಿನ ಹಿಂದೆ ಕೂತು ಉಣ್ಣೆಯ ನಿಲುವಂಗಿಗೆ ಅಂಚು ಹೊಲಿಯುತ್ತಿದ್ದದ್ದನ್ನು ನೋಡಿ, "ಇದು ಯಾರಿಗೆ?" ಎಂದು ಕೇಳಿದಳು. ಮಾತು ಬೆಳೆಯಿತು. ಆ ಬೇಸಿಗೆಯೆಲ್ಲ ಹೈಕೆ ತನ್ನ ನಿಲುವಂಗಿಯನ್ನು ತಾನೇ ಹೊಲಿದಳು. ತುಂಡು ತುಂಡಾಗಿ ಕೌಂಟರಿಗೆ ತಂದು ತೋರಿಸುತ್ತಿದ್ದಳು. ಒಂದು ತೋಳನ್ನಂತೂ ರೋಸ್ವಿಟಾ ಪೂರ್ತಿ ಬಿಚ್ಚಿಸಿದ್ದಳು. "ಹೊಲಿಗೆ ದೂರ ದೂರ ಆಯ್ತು" ಎಂದಿದ್ದಳು. ಹೈಕೆ ಬಿಚ್ಚಿ, ಮತ್ತೆ ಹೊಲಿದು ತಂದಿದ್ದಳು.

ಈಗ ಅದೇ ತೋಳನ್ನು ಬೆಳಕಿಗೆ ಹಿಡಿದು ನೋಡಿ ರೋಸ್ವಿಟಾ ತಲೆಯಾಡಿಸಿದಳು. ಚೆನ್ನಾಗಿತ್ತು.

"ಚೀಲದಲ್ಲಿ ಇನ್ನೇನಿದೆ?"

ಹೈಕೆ ಹಿಂಜರಿಯುತ್ತ ಹೊರತೆಗೆದಳು. ಒಳಪದರವಿದ್ದ ದಪ್ಪ ಕೈಗವಸು, ಮೈಗಂಟುವ ಬೆಚ್ಚನೆಯ ಒಳಉಡುಪು, ಒಂದು ಜೊತೆ ಥರ್ಮಲ್. "ಕೆಳಗೆ ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡೆ."

"ನಂಗೆ ಕಾಣತ್ತೆ."

"ನನ್ನ ಬೆರಳಿನ ವಿಷ್ಯ ನಿಂಗೆ ಗೊತ್ತಲ್ಲ, ಅದಕ್ಕೇ..."

"ಆರುನೂರು ವರ್ಷದ ಹಿಂದೇನೂ ಜನಕ್ಕೆ ಬೆರಳಿತ್ತು, ಹೈಕೆ. ಚಳೀನೂ ಇತ್ತು."

ಸೌದೆ ಒಡೆಯುತ್ತಿದ್ದ ಬೆನ್ನೋ ಕೊಡಲಿ ಊರಿ ನಕ್ಕ. ಬಿಡಾರದ ಅಡುಗೆ, ಬೆಂಕಿ ಎರಡೂ ಅವನದ್ದು. ಗಡ್ಡದೊಳಗೆ ಸದಾ ಒಂದು ಚೇಷ್ಟೆ. "ಬಿಟ್ಬಿಡು ಹೈಕೆ, ವಾದ ಮಾಡ್ಬೇಡ. ಇವಳು ಅವರಜ್ಜಿ ಹೆಣದ ಪೆಟ್ಟಿಗೆಯಲ್ಲಿ ಮಲಗಿದ್ದಾಗ್ಲೂ ಬಗ್ಗಿ ಅಜ್ಜಿ ಬಟ್ಟೆಯ ಹೊಲಿಗೆ ನೋಡಿರ್ತಾಳೆ!"

ಎಲ್ಲರೂ ನಕ್ಕರು. ಹೈಕೆಯೂ ನಕ್ಕು, ಗವಸು ಮತ್ತು ಥರ್ಮಲನ್ನು ಮಡಿಸಿ ತಾನೇ ಪೆಟ್ಟಿಗೆಗೆ ಹಾಕಿದಳು. ರೋಸ್ವಿಟಾ ಮುಚ್ಚಳ ಮುಚ್ಚಲು ಬಗ್ಗಿದಳು. ಬಗ್ಗಿದಾಗ ಅವಳ ಮೊಣಕಾಲಿನ ಹಿಂದೆ, ಉಣ್ಣೆಯ ಕೆಳಗೆ, ನಾರುಬಟ್ಟೆಯ ಕೆಳಗೆ, ಕಪ್ಪು ಥರ್ಮಲ್ ಬಿಗಿದು ಮಡಿಕೆ ಬಿತ್ತು.

ಎರಡು ವರ್ಷದಿಂದ ಅವಳ ಸೊಂಟದಲ್ಲಿ ನೋವು. ನೆಲದ ಮೇಲೆ ಹುಲ್ಲು ಹಾಸಿ ಮಲಗಿದರೆ ಬೆಳಿಗ್ಗೆ ಎದ್ದು ನಿಲ್ಲುವುದೇ ಕಷ್ಟ. ಹಿಂದಿನ ವರ್ಷದ ಹಬ್ಬಕ್ಕೆ ಮುಂಚೆ ಪಕ್ಕದೂರಿಗೆ ಹೋಗಿ, ಪರಿಚಯದವರು ಯಾರೂ ಇಲ್ಲದ ಅಂಗಡಿಯಲ್ಲಿ ಈ ಥರ್ಮಲನ್ನು ಕೊಂಡಿದ್ದಳು. ಈ ಒಂದು ಸಲ ಮಾತ್ರ ಎಂದುಕೊಂಡಿದ್ದಳು. ಹೇಳಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ನೋವಿಗೆ ವಿನಾಯಿತಿ ಇದ್ದೇ ಇತ್ತು. ಆದರೆ ಹೇಳುವುದಾದರೆ ಯಾರಿಗೆ? ವಿನಾಯಿತಿ ಕೊಡುವವಳು ತಾನೇ. ವಿನಾಯಿತಿ ಕೇಳಿ ಬಂದು ತಾನು ಇಲ್ಲವೆಂದು ವಾಪಸ್ ಕಳಿಸಿದ್ದವರ ಮುಖಗಳೆಲ್ಲ ಕಣ್ಣೆದುರು ಬರುತ್ತಿದ್ದವು. ಹಾಗೇ ಬಾಯಿ ಮುಚ್ಚಿಕೊಂಡಳು. ಈ ವರ್ಷ ಅದನ್ನು ತೊಡುವಾಗ ಅಷ್ಟೇನೂ ಯೋಚಿಸಲೂ ಇಲ್ಲ.

ಶನಿವಾರ ಬೆಳಗಾದಾಗ ಇಬ್ಬನಿ ಹೆಪ್ಪುಗಟ್ಟಿ ಡೇರೆಯ ಬಟ್ಟೆ ಹಲಗೆಯಂತಾಗಿತ್ತು. ಕೋಟೆಯ ಅರ್ಧ ಮಂಜಿನೊಳಗಿತ್ತು. ಹೈಕೆ ಬೆಂಕಿಯ ಪಕ್ಕ ಕೂತು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು.

"ನಿದ್ದೆ ಬಂತಾ?" ರೋಸ್ವಿಟಾ ಕೇಳಿದಳು.

"ಬಂತು, ಬಂತು." ಹೈಕೆ ನಗಲು ನೋಡಿದಳು, ತುಟಿ ಮಾತು ಕೇಳಲಿಲ್ಲ. "ಚಳಿಯಾದ್ರೂ ಪರವಾಗಿಲ್ಲ ಮಾರಾಯ್ತಿ. ಆಮೇಲೆ ಬಿಸಿ ತಾಗಿ ರಕ್ತ ವಾಪಸ್ ಬರತ್ತಲ್ಲ, ಆಗ ಸೂಜಿ ಚುಚ್ಚಿದ ಹಾಗೆ. ಅಳು ಬರತ್ತೆ."

ಹತ್ತು ಗಂಟೆಗೆ ಜನ ಬರತೊಡಗಿದರು. ಮಳೆಕೋಟು ತೊಟ್ಟವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಪ್ರತಿ ವರ್ಷದ ಪ್ರಶ್ನೆಗಳೇ. ಇದು ನಿಜವಾದ ಬೆಂಕಿಯಾ? ನೀವು ನಿಜವಾಗ್ಲೂ ಇಲ್ಲೇ ಮಲಗ್ತೀರಾ? ಹಸಿರು ಟೋಪಿಯ ಹೆಂಗಸೊಬ್ಬಳು ಹಗ್ಗದಾಚೆ ನಿಂತು, "ನಿಮಗೆ ಚಳಿ ಆಗಲ್ವಾ?" ಎಂದಳು.

ಇದಕ್ಕೆ ರೋಸ್ವಿಟಾಳ ಉತ್ತರ ಬಾಯಿಪಾಠವಾಗಿತ್ತು. ಅವಳು ತೋಳಿನ ಅಂಚು ಎತ್ತಿ ತೋರಿಸಿದಳು. "ಕೆಳಗೆ ಅಗಸೆ ನಾರಿನ ಅಂಗಿ, ಮೇಲೆ ಉಣ್ಣೆ, ಅದರ ಮೇಲೆ ಇನ್ನೊಂದು ಉಣ್ಣೆ. ಅಷ್ಟಿದ್ರೆ ಸಾಕು. ಆ ಕಾಲದವರೇನು ದಡ್ಡರಲ್ಲ. ದೇಹ ಅಭ್ಯಾಸ ಮಾಡ್ಕೊಳ್ಳತ್ತೆ."

"ಅಬ್ಬಾ, ಗಟ್ಟಿಗರು ನೀವು!" ಎಂದು ಹೆಂಗಸು ಮುಂದೆ ಹೋದಳು.

ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೈಕೆ ಎಲ್ಲ ಕೇಳಿಸಿಕೊಂಡಳು. ತನ್ನ ಕೈಯನ್ನೊಮ್ಮೆ ನೋಡಿಕೊಂಡು, "ನನ್ನ ದೇಹಕ್ಕೆ ಸ್ವಲ್ಪ ಬುದ್ಧಿ ಕಡಿಮೆ" ಎಂದಳು. ರೋಸ್ವಿಟಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮತ್ತೊಂದು ಗುಂಪು ಬಂತು.

ಮಧ್ಯಾಹ್ನದ ಬಾರ್ಲಿ ಮತ್ತು ಬೇಳೆಯ ಗಂಜಿ ಬೆಂಕಿಯ ಮೇಲಿತ್ತು. ಬೆನ್ನೋ ನೀರು ತರಲು ಹೋಗಿದ್ದ. ಗಂಜಿ ತಳ ಹಿಡಿಯುವ ವಾಸನೆ ಬರುತ್ತಲೇ ಹೈಕೆ ಎದ್ದು, ಕಬ್ಬಿಣದ ಪಾತ್ರೆಯ ಹಿಡಿಯನ್ನು ಬರಿಗೈಯಲ್ಲಿ ಹಿಡಿದು ಎತ್ತಿದಳು. ಅಲ್ಲೇ ಇದ್ದ ಮಸಿಬಟ್ಟೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹಿಡಿ ಕಾದಿದೆಯೆಂದು ಬೇರೆ ಯಾರ ಕೈಯಾದರೂ ಮುಟ್ಟಿದೊಡನೆ ಹೇಳುತ್ತಿತ್ತು. ಚಳಿಗೆ ಮರಗಟ್ಟಿದ್ದ ಅವಳ ಬೆರಳುಗಳು ಏನನ್ನೂ ಹೇಳಲಿಲ್ಲ. ಒಂದೆರಡು ಹೆಜ್ಜೆ ನಡೆದಳು. ಆಮೇಲೆ ಚರ್ಮ ಸುಟ್ಟ ವಾಸನೆ ಅವಳ ಮೂಗಿಗೇ ಬಡಿದಿರಬೇಕು, ಕೆಳಗೆ ನೋಡಿ ಪಾತ್ರೆ ಬಿಟ್ಟಳು. ಗಂಜಿಯೆಲ್ಲ ಹುಲ್ಲಿನ ಮೇಲೆ ಹಬೆಯಾಡುತ್ತ ಹರಡಿತು.

ರೋಸ್ವಿಟಾ ಓಡಿಬಂದು ಅವಳ ಕೈಯನ್ನು ತಣ್ಣೀರಿಗೆ ಹಿಡಿದಳು. ಅಂಗೈಗೆ ಅಡ್ಡಲಾಗಿ ಕೆಂಪು ಗೆರೆ, ಅದರ ಮೇಲೆ ಬೆಳ್ಳನೆಯ ಸತ್ತಂಥ ಬೆರಳುಗಳು.

"ಅಯ್ಯೋ, ಎಲ್ರ ಊಟ ಹಾಳ್ಮಾಡ್ದೆ" ಎಂದಳು ಹೈಕೆ. ನೋವಿನ ಮಾತೇ ಇಲ್ಲ. "ಕ್ಷಮಿಸಿ, ಎಲ್ರೂ ಕ್ಷಮಿಸಿ."

"ಬಿಡು, ಗಂಜಿ ಏನು ಮಹಾ" ಎಂದ ಅಷ್ಟರಲ್ಲಿ ನೀರು ಹೊತ್ತು ಬಂದಿದ್ದ ಬೆನ್ನೋ. "ಇಲಿಗಳಿಗೂ ಹಬ್ಬ ಆಗ್ಬೇಕಲ್ಲ."

ರೋಸ್ವಿಟಾ ಗಾಯಕ್ಕೆ ಬಟ್ಟೆ ಸುತ್ತಿದಳು. "ಪೆಟ್ಟಿಗೆ ತೆಗೀತೀನಿ. ಗವಸು ಹಾಕ್ಕೊ. ಥರ್ಮಲ್ಲೂ ಹಾಕ್ಕೊ."

"ಬೇಡ." ಹೈಕೆ ಕೈ ಹಿಂದಕ್ಕೆಳೆದುಕೊಂಡಳು. "ಎಲ್ರೂ ತಡ್ಕೊಂಡಿದೀರ. ನಾನೊಬ್ಳು ಯಾಕೆ? ನೀನು ನನಗಿಂತ ಎಂಟು ವರ್ಷ ದೊಡ್ಡೋಳು, ಕಲ್ಲಿನ ಹಾಗೆ ನಿಂತಿದೀಯ. ಹೆಂಗೆ ತಡ್ಕೋತೀಯ, ಹೇಳು?"

ಹಗ್ಗದಾಚೆ ನಾಲ್ಕಾರು ಜನ ಕುತ್ತಿಗೆ ಚಾಚಿ ನೋಡುತ್ತಿದ್ದರು. ಬೆನ್ನೋ ಬೆಂಕಿ ಕೆದಕುತ್ತಿದ್ದ. ಹೇಳಲು ಒಂದು ಮಾತು ಸಾಕಿತ್ತು. ರೋಸ್ವಿಟಾ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಅಭ್ಯಾಸ" ಎಂದಳು.



ಭಾನುವಾರ ಎದ್ದವಳೇ ಡೇರೆಯೊಳಗೆ ಥರ್ಮಲ್ ಕಳಚಿ, ಮಡಿಸಿ, ಬುಟ್ಟಿಯ ತಳದಲ್ಲಿ ಅಡಗಿಸಿದಳು. ಹೊರಗೆ ಬಂದಾಗ ಚಳಿ ನಿಲುವಂಗಿಯ ಕೆಳಗಿನಿಂದ ನುಗ್ಗಿ ತೊಡೆಯವರೆಗೆ ಏರಿತು. ಸೊಂಟ ಹಿಡಿದುಕೊಂಡಿತು. ಬರಲಿ, ಇನ್ನೂ ಬರಲಿ ಎಂದುಕೊಂಡಳು. ಹೀಗೆ ನಿಂತರೆ ಏನೋ ಸರಿಹೋಗುತ್ತದೆ ಎಂಬಂತೆ ಬೆಂಕಿಯಿಂದ ದೂರವೇ ನಿಂತಳು. ಆದರೆ ಅವಳ ನಡುಕದಿಂದ ಹೈಕೆಯ ಬೆರಳಿಗೇನೂ ಬಿಸಿಯಾಗಲಿಲ್ಲ.

ಹೈಕೆ ಅವಳನ್ನು ನೋಡಿ ಹತ್ತಿರ ಬಂದಳು. ಮುಖ ಅರಳಿತ್ತು. "ನಡುಗ್ತಿದೀಯ! ನಿಂಗೂ ಚಳಿ ಆಗತ್ತೆ!" ತನ್ನ ಮೇಲುಹೊದಿಕೆಯ ಅರ್ಧವನ್ನು ತೆಗೆದು ರೋಸ್ವಿಟಾಳ ಹೆಗಲಿಗೆ ಹೊದಿಸಿದಳು. "ಸದ್ಯ! ನಾನೊಬ್ಳೇ ಏನೋ ಅಂದ್ಕೊಂಡಿದ್ದೆ."

ಒಂದೇ ಉಣ್ಣೆಯೊಳಗೆ ಇಬ್ಬರೂ ನಿಂತರು. ಹೈಕೆಯ ಮೈ ಸಣ್ಣಗೆ, ಬಿಡದೆ ನಡುಗುತ್ತಿತ್ತು. ರೋಸ್ವಿಟಾಳಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ಸಂಜೆ ಜನ ಕರಗಿದ ಮೇಲೆ ಹಗ್ಗ ಬಿಚ್ಚಿದರು. ಪೆಟ್ಟಿಗೆ ತೆರೆದು ಅವರವರ ಸಾಮಾನು ಅವರವರಿಗೆ ಕೊಟ್ಟದ್ದಾಯಿತು. ಫೋನುಗಳು ಒಂದೊಂದಾಗಿ ಎಚ್ಚರಗೊಂಡು ಕಿಣಿಗುಟ್ಟಿದವು. ಹೈಕೆ ಆಗಲೇ ಪ್ಯಾಂಟು ಜಾಕೆಟ್ಟಿಗೆ ಬದಲಾಯಿಸಿಕೊಂಡಿದ್ದಳು. ಅವಳ ಕೈಯಲ್ಲಿ ಮಡಿಸಿದ ನಿಲುವಂಗಿ ಇತ್ತು. ಅದನ್ನು ರೋಸ್ವಿಟಾಳ ಮುಂದೆ ಹಿಡಿದಳು.

"ಇದು ಇಲ್ಲೇ ಇರ್ಲಿ. ಮುಂದಿನ ವರ್ಷ ಬರೋ ಯಾರಾದ್ರೂ ಗಟ್ಟಿಗಿತ್ತಿಗೆ ಕೊಡು. ಬೇಜಾರಿಲ್ಲ. ನಂಗೆ ಇದು ಆಗಿಬರಲ್ಲ ಅಂತ ಗೊತ್ತಾಯ್ತಲ್ಲ, ಅದೂ ಒಳ್ಳೇದೇ."

ರೋಸ್ವಿಟಾ ನಿಲುವಂಗಿ ಮುಟ್ಟಲಿಲ್ಲ. ತಾನು ಬಿಚ್ಚಿಸಿದ್ದ ತೋಳು ಮೇಲೆಯೇ ಇತ್ತು. ಸಣ್ಣ, ಸಮನಾದ, ಹಟದ ಹೊಲಿಗೆಗಳು. ಅವಳು ತಿರುಗಿ ಡೇರೆಗೆ ಹೋಗಿ, ಬುಟ್ಟಿ ತಂದು, ತಳದಿಂದ ಕಪ್ಪು ಥರ್ಮಲನ್ನು ತೆಗೆದು ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟಳು.

"ಇದು ನಂದು" ಎಂದಳು. "ನಿನ್ನೆ ಇಡೀ ದಿನ ಹಾಕ್ಕೊಂಡಿದ್ದೆ. ಶುಕ್ರವಾರಾನೂ. ನಿನ್ನ ಗವಸು ತಗೋವಾಗ್ಲೂ ಹಾಕ್ಕೊಂಡಿದ್ದೆ."

ಬೆನ್ನೋ ಹೊಟ್ಟೆ ಹಿಡಿದು ನಗತೊಡಗಿದ.

"ಅಯ್ಯೋ ಎಳೆ ಎಣಿಸುವವಳೇ! ನೀನೂನಾ?" ತನ್ನ ಉಣ್ಣೆಯ ಕಾಲುಚೀಲವನ್ನು ಮೊಣಕಾಲಿನಿಂದ ಕೆಳಗೆಳೆದ. ಒಳಗೆ ನೀಲಿ ಥರ್ಮಲ್ ಮಿಂಚಿತು. "ಐದು ವರ್ಷದಿಂದ ಹಾಕ್ತಿದೀನಿ. ನಿಂಗೆ ಹೆದರಿ ಕಾರಲ್ಲೇ ಹಾಕ್ಕೊಂಡು ಬರ್ತಿದ್ದೆ!" ಅವನ ಹಿಂದೆ ಇನ್ನೊಬ್ಬರು ಅಂಗಿಯ ಕುತ್ತಿಗೆ ಸರಿಸಿ ಒಳಗಿನ ಥರ್ಮಲ್ ತೋರಿಸಿದರು. ಮತ್ತೊಬ್ಬಳು ಸೊಂಟದಿಂದ ಬಿಸಿ ಪಟ್ಟಿ ಕಿತ್ತು ಗಾಳಿಯಲ್ಲಿ ಆಡಿಸಿದಳು. ಹುಲ್ಲುಗಾವಲೆಲ್ಲ ನಗೆ.

ಹೈಕೆ ಒಬ್ಬೊಬ್ಬರನ್ನೇ ನೋಡುತ್ತ ಬಂದಳು. ಸುಟ್ಟ ಅಂಗೈ ನಿಲುವಂಗಿಯ ಮೇಲಿತ್ತು.

"ಹಾಗಾದ್ರೆ," ಎಂದಳು, "ಚಳಿ ಆಗಿದ್ದು ನಂಗೊಬ್ಳಿಗೇನಾ?"

ಬೆನ್ನೋನ ನಗೆ ನಿಂತಿತು. ಅವನು ಬಗ್ಗಿ ಕಾಲುಚೀಲ ಮೇಲಕ್ಕೆಳೆದುಕೊಂಡ. ಹೈಕೆ ನಿಲುವಂಗಿಯನ್ನು ಎದೆಗವಚಿಕೊಂಡು, ಯಾರಿಗೂ ಹೋಗಿಬರುತ್ತೇನೆ ಎನ್ನದೆ ಇಳಿಜಾರಿನಲ್ಲಿ ಕಾರುಗಳತ್ತ ನಡೆದಳು.

ರೋಸ್ವಿಟಾ ಹಿಂದೆಯೇ ಹೋದಳು. ಹೈಕೆ ಕಾರಿನ ಬಾಗಿಲು ತೆರೆಯಲು ಬೀಗದ ಕೈ ಹಿಡಿದು ಹೆಣಗುತ್ತಿದ್ದಳು, ಬೆರಳು ತಿರುಗುತ್ತಿರಲಿಲ್ಲ. ರೋಸ್ವಿಟಾ ಕೈ ಚಾಚಿ ಬೀಗ ತಿರುಗಿಸಿದಳು. ಹೈಕೆ ಒಳಗೆ ಕೂತು ಬಾಗಿಲು ಹಾಕಿಕೊಂಡಳು. ಇಂಜಿನ್ ಚಾಲೂ ಆಯಿತು. ಗಾಜಿನ ಒಳಗೆ ಹಬೆ ಕಟ್ಟಿತು.

ಕಾರು ಹೊರಡಲಿಲ್ಲ. ರೋಸ್ವಿಟಾ ನಾರು ಮತ್ತು ಉಣ್ಣೆಯಲ್ಲಿ ಹೊರಗೆ ನಿಂತೇ ಇದ್ದಳು. ಮಂಜು ಮತ್ತೆ ಇಳಿಯುತ್ತಿತ್ತು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಗಾಜಿನ ಈಚೆ ನಿಂತು ಒಳಗಿರುವವರನ್ನು ನೋಡುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆದುಕೊಂಡಿತು.

"ಬಾ ಒಳಗೆ."

"ಹೈಕೆ, ನಾನು..."

"ಬಾ ಅಂದೆ. ಕ್ಷಮಿಸ್ದೆ ಅಂತಲ್ಲ. ಬಾಗಿಲು ತೆರೆದಿದ್ರೆ ಬಿಸಿ ಎಲ್ಲ ಹೊರಗೆ ಹೋಗತ್ತೆ."

ರೋಸ್ವಿಟಾ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ನಿಲುವಂಗಿ ಇಬ್ಬರ ನಡುವೆ ಇತ್ತು. ಹೈಕೆ ಎರಡೂ ಕೈಯನ್ನು ಬಿಸಿಗಾಳಿಯ ಕಿಂಡಿಗೆ ಒಡ್ಡಿ, ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡಿದ್ದಳು. ರೋಸ್ವಿಟಾ ತನ್ನ ಕಡೆಯ ಕಿಂಡಿಗೆ ಕೈ ಹಿಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆರಳ ತುದಿಗಳಲ್ಲಿ, ಉಗುರಿನ ಕೆಳಗೆ, ಒಂದೊಂದೇ ಸೂಜಿ ಚುಚ್ಚತೊಡಗಿತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.