ನಗೆ ಅಳೆದ ಮಡಕೆ

ಅಥೆನ್ಸಿನ ಕುಂಬಾರಕೇರಿಯಲ್ಲಿ ನನ್ನ ಪಕ್ಕದ ಮನೆಯ ಮಂತಿಯಾಸನಿಗೆ ಗೊತ್ತಿದ್ದ ಕಸುಬು ಒಂದೇ: ಕರೆಯದ ಊಟಕ್ಕೆ ಹೋಗಿ ನಗಿಸುವುದು. ನಕ್ಕರೆ ಊಟ, ನಗದಿದ್ದರೆ ನಗಿಸುವವನಿಗೆಂದು ಬಾಗಿಲ ಬಳಿ ಇಟ್ಟ ಮುಕ್ಕಾಲಿಯಿಂದಲೇ ವಾಪಸ್ಸು. ಹೀಗೇ ಹದಿನೆಂಟು ವರ್ಷ ಹೊಟ್ಟೆ ಹೊರೆದಿದ್ದ. "ಮನೇಲಿ ಒಂದು ತಮಾಷೆ ಮಾಡಿದ್ದಿಲ್ಲ ಕಣಣ್ಣ. ನಕ್ರೂ ನಗದಿದ್ರೂ ನಾನು ಬಡಿಸ್ತೀನಲ್ಲ, ಅದಕ್ಕೇ" ಎಂದು ಅವನ ಹೆಂಡತಿ ನಿಕೋ ದೂರುತ್ತಿದ್ದಳು.

ಆ ಚಳಿಗಾಲ ಚರ್ಮದ ಸಾಹುಕಾರ ಥೂದಿಪ್ಪೊಸ್‌ಗೆ ತತ್ತ್ವಜ್ಞಾನದ ಹುಚ್ಚು ಹಿಡಿಯಿತು. ಎಪಿಗೇನೆಸ್ ಎಂಬ ಗುರುಗಳನ್ನು ತಂದು ದೊಡ್ಡವರು ಒರಗಿ ಉಣ್ಣುವ ಮೊದಲ ಮಂಚದ ಮೇಲೆ ಒರಗಿಸಿದ. ಗುರುಗಳ ಮತದಂತೆ, ತನ್ನನ್ನು ತಾನು ಅರಿಯದವನನ್ನು ಕಂಡರೆ ನಗು ಬರುತ್ತದೆ. ಬರಲಿ, ಆದರೆ ಹದವಾಗಿ. ಹೆಚ್ಚು ನಕ್ಕವನು ಕೋಡಂಗಿ, ನಗದವನು ಕೊರಡು, ನಡುವಿನವನು ಸಜ್ಜನ. ನಡು ಎಲ್ಲಿದೆ ಎಂದು ಯಾರೋ ಕೇಳಿದ್ದಕ್ಕೆ, ನ್ಯಾಯಾಲಯದಲ್ಲಿ ವಾದದ ಹೊತ್ತು ಅಳೆಯುವಂಥ ತೂತಿನ ನೀರ ಮಡಕೆ ತರಿಸಿದರು. ನೀರು ಬಸಿಯುವಷ್ಟು ಹೊತ್ತು ನಗಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸಾಹುಕಾರ ಮಂತಿಯಾಸನನ್ನು ಕರೆದು ಹೇಳಿದ: "ನೋಡಯ್ಯ, ನಾಳೆ ಅಳತೆಗೆ ಸರಿಯಾಗಿ ನಗಿಸಿದ್ಯೋ, ಚಳಿಗಾಲ ಪೂರ್ತಿ ಇಲ್ಲೇ ಊಟ. ಹೆಚ್ಚುಕಮ್ಮಿ ಆಯ್ತೋ, ಈ ಹೊಸಿಲು ತುಳೀಬೇಡ."

ಇದ್ದಿಲು ಮಾರುವ ನಾನು ಮರುದಿನ ಸಾಹುಕಾರನ ಅಗ್ಗಿಷ್ಟಿಕೆಗೆ ಇದ್ದಿಲು ಹಾಕುತ್ತ ಅಲ್ಲೇ ಇದ್ದೆ. ಸಾಹುಕಾರನ ಕತ್ತೆ ಊರಸಭೆಯಲ್ಲಿ ಮತ ಹಾಕಲು ಕೈಯ ಬದಲು ಕಾಲೆತ್ತುವ ಬಗೆಯನ್ನು ಮಂತಿಯಾಸ ಆಡಿ ತೋರಿಸಿದ. ಎಲ್ಲರೂ ನಕ್ಕರು. ಗುರುಗಳು ಮಡಕೆಯ ಬಿರಟೆ ಎಳೆದರು. ಎಳೆಯುವ ಭರದಲ್ಲಿ ಅವರ ಗಡ್ಡದಲ್ಲಿ ಸಿಕ್ಕಿದ್ದ ಆಲಿವ್ ಬೀಜವೊಂದು ಒಳಗೆ ಬಿದ್ದು ತೂತಿಗೆ ಸಿಕ್ಕಿಕೊಂಡಿತು. ಕಂಡವರು ಮಂತಿಯಾಸ ಮತ್ತು ನಾನು. ಸುರಿಯುತ್ತಿದ್ದ ನೀರು ತೊಟ್ಟಿಕ್ಕತೊಡಗಿತು.

"ಗುರುಗಳೇ, ಇನ್ನೂ ಎಷ್ಟಿದೆ?" ಎಂದು ಅತಿಥಿಯೊಬ್ಬ ನಗುತ್ತಲೇ ಕೇಳಿದ.

"ಮುಕ್ಕಾಲು ಮಡಕೆ. ನಗಿ."

"ದವಡೆ ಬಿದ್ದುಹೋಗ್ತಿದೆ ಸ್ವಾಮಿ..."

"ಸಜ್ಜನಿಕೆ ಅಂದ್ರೆ ಸುಮ್ನೇನಾ? ನಗಿ!"

ತೂತು ನೋಡೋಣವೇ ಎಂದು ಒಬ್ಬ ಕೇಳಿದ. "ನನ್ನ ಅಳತೆ ತಪ್ಪಾ? ನಲವತ್ತು ವರ್ಷದಲ್ಲಿ ನಾನು ಒಂದ್ಸಲಾನೂ ತಪ್ಪಿಲ್ಲ!" ಎಂದು ಗುರುಗಳು ಗುಡುಗಿದರು. ಆಮೇಲೆ ನಿಯಮ ನೆನಪಾಗಿ, "ಹಿ ಹಿ" ಎಂದರು.

ಹುರಿದ ಹಾವುಮೀನು ತಣ್ಣಗಾಗುತ್ತಿತ್ತು. ನಗುವ ಬಾಯಿಗೆ ಮೀನು ಇಳಿಯದು. ತನ್ನ ತಮಾಷೆ ಅಳತೆಗೆ ಸಾಲಲಿಲ್ಲ, ನಾಳೆಯಿಂದ ಈ ಮನೆ ಇಲ್ಲವೆಂದು ಖಾತ್ರಿಯಾಗಿ ಮಂತಿಯಾಸ, ಇವತ್ತಿನದಾದರೂ ದಕ್ಕಲಿ ಎಂದು ಮುಕ್ಕಾಲಿಯ ಮೇಲೆ ಕೂತು, ಮುಳ್ಳು ಬಿಡಿಸಿ, ಗಂಭೀರವಾಗಿ ತಿನ್ನತೊಡಗಿದ.

ಮಡಕೆ ಕೊನೆಗೂ ಬರಿದಾದಾಗ ಸಾಹುಕಾರನ ಕಣ್ಣು ಅವನ ಮೇಲೆ ಬಿತ್ತು. "ನೋಡ್ರೋ! ನಾವೆಲ್ಲ ಉರುಳಾಡ್ತಿದ್ರೆ ಇವನ ತುಟಿ ಅಲುಗಿಲ್ಲ. ತನ್ನನ್ನ ತಾನು ಅರಿತೋನು ಅಂದ್ರೆ ಇವನು ಕಣ್ರೋ!" ಬಳಿಕ ಕಣ್ಣೊರೆಸಿಕೊಂಡು, "ಗುರುಗಳೇ, ನನ್ನ ಜನ್ಮದಲ್ಲಿ ಯಾರೂ ನನ್ನ ಇಷ್ಟು ನಗಿಸಿಲ್ಲ. ಆ ಮುಕ್ಕಾಲಿ ಇನ್ಮೇಲೆ ನಿಮ್ಮದೇ" ಎಂದ.

"ನಗದವನು ಕೊರಡು ಅಂತ ಮೊನ್ನೆ ತಾನೇ ಹೇಳಿದ್ನಲ್ಲಯ್ಯಾ!" ಎಂದು ಗುರುಗಳು ಕೂಗಿದರು.

"ಅಯ್ಯಯ್ಯೋ, ಮತ್ತೆ ನಗಿಸ್ತಾರೆ!" ಎಂದು ಸಾಹುಕಾರ ಬಿದ್ದುಬಿದ್ದು ನಕ್ಕ.

ಮಂತಿಯಾಸ ಈಗ ಮೊದಲ ಮಂಚದ ಮೇಲೆ ಒರಗಿ ಉಣ್ಣುತ್ತಾನೆ. ಅಲ್ಲಿ ನಗುವಂತಿಲ್ಲ, ನಗಿಸುವಂತಿಲ್ಲ. ಹದಿನೆಂಟು ವರ್ಷದ ಚಟ ಬಿಡಬೇಕಲ್ಲ? ಮನೆಗೆ ಬಂದವನೇ ಕದ ಹಾಕಿಕೊಂಡು ಕತ್ತೆಯ ಆಟ ಶುರು ಮಾಡುತ್ತಾನೆ. ಗೋಡೆಯಾಚೆ ನಿಕೋ ಕೂಗುವುದು ನಮಗೆ ಕೇಳುತ್ತದೆ: "ಸಾಕು ಬಿಡ್ರೀ, ನಕ್ಕೂ ನಕ್ಕೂ ಗಂಜಿ ಸೀದುಹೋಯ್ತು!"